ದಾರಿಯ ಅರವಟ್ಟಿಗೆ

ಬೇಸಗೆಯಲ್ಲಿ ದಾರಿಹೋಕರ ಬಾಯಾರಿಕೆ ತಣಿಸಲು ನಮ್ಮ ಹಿರಿಯರು ಅರವಟ್ಟಿಗೆಗಳನ್ನು ಇಡುತ್ತಿದ್ದರು. ವಿದ್ಯುತ್ ವಾಹನಗಳ ಈ ಕಾಲದಲ್ಲಿ ಸಾರ್ವಜನಿಕ ಚಾರ್ಜಿಂಗ್ ಕೇಂದ್ರವೇ ಹೊಸ ಅರವಟ್ಟಿಗೆ; ಇಲ್ಲಿ ಹಣ ತೆರಬೇಕೆಂಬುದಷ್ಟೇ ವ್ಯತ್ಯಾಸ.

ಶರಾವತಿಯು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಹೊಸನಗರ, ಸಾಗರ ತಾಲ್ಲೂಕುಗಳಲ್ಲಿ ಹರಿಯುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಹೊಸನಗರ, ಸಾಗರ ಸೀಮೆಯ ಅನೇಕ ಹಳ್ಳಿಗಳು ಗದ್ದೆ ತೋಟಗಳೊಡನೆ ಮುಳುಗಿದವು. ಅಲ್ಲಿಯ ಜನ ನೆಲೆ ಕಳೆದುಕೊಂಡರು. ದೂರದ ನಗರಗಳು ಬೆಳಕು ಕಂಡವು. ಆದುದರಿಂದ ಚಾರ್ಜಿಂಗ್ ಸೌಲಭ್ಯವು ಮಹಾನಗರಗಳಿಗಷ್ಟೇ ಸೀಮಿತವಾದರೆ ಅದು ನ್ಯಾಯವೆನಿಸದು.

ಇದಕ್ಕೆ ನಿಯಮಗಳೇನೂ ಅಡ್ಡಿಯಾಗಿಲ್ಲ. ಇಂಥ ಕೇಂದ್ರ ತೆರೆಯಲು ವಿದ್ಯುತ್ ಪರವಾನಗಿ ಬೇಕಿಲ್ಲವೆಂದು ಕೇಂದ್ರ ಸರ್ಕಾರವು 2018ರಲ್ಲಿ ಸ್ಪಷ್ಟಪಡಿಸಿತು. ಸುರಕ್ಷತೆಯ ನಿಯಮಗಳನ್ನು ಮಾತ್ರ ಪಾಲಿಸಬೇಕು. ಮನೆಯಲ್ಲಿರುವ ಸಂಪರ್ಕದಿಂದಲೇ ಸ್ವಂತ ವಾಹನವನ್ನು ಚಾರ್ಜ್ ಮಾಡಬಹುದೆಂದು 2022ರ ಮಾರ್ಗಸೂಚಿ ತಿಳಿಸಿತು. ಆದರೆ ವಾಹನ ನಿಲ್ಲಿಸಲು ಸ್ಥಳವಿಲ್ಲದ ಬಾಡಿಗೆ ಮನೆಯವರು, ದಿನವಿಡೀ ದುಡಿಯುವ ಆಟೋ ಚಾಲಕರು, ಆಗುಂಬೆ ಅಥವಾ ಹುಲಿಕಲ್ ಘಾಟಿಯನ್ನೇರಿ ಬರುವ ಪ್ರಯಾಣಿಕರು ಏನು ಮಾಡಬೇಕು? ಏರುದಾರಿಯಲ್ಲಿ ಬ್ಯಾಟರಿ ಬೇಗ ಬರಿದಾಗುತ್ತದೆ. ಮಲೆನಾಡಿನ ಮಳೆಯಲ್ಲಿ ಮರ ಉರುಳಿ ವಿದ್ಯುತ್ ನಿಲ್ಲುವುದೂ ಉಂಟು. ಅಂಥವರಿಗಾಗಿ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಬಸ್ ನಿಲ್ದಾಣಗಳ ಬಳಿ ನಂಬಬಹುದಾದ ಚಾರ್ಜಿಂಗ್ ಕೇಂದ್ರಗಳು ಇರಲೇಬೇಕು.

ಬಳಸುವವರಿಗೂ ಕರ್ತವ್ಯವುಂಟು. ಬ್ಯಾಟರಿ ತುಂಬಿದೊಡನೆ ಸ್ಥಳ ಬಿಡಬೇಕು. ಪೆಟ್ರೋಲ್ ವಾಹನವನ್ನು ಅಲ್ಲಿ ನಿಲ್ಲಿಸಬಾರದು. ನೀರು ಕುಡಿದವನು ಅರವಟ್ಟಿಗೆಯ ಬಾಗಿಲಲ್ಲೇ ಮಲಗಿಬಿಟ್ಟರೆ ಹಿಂದೆ ಬಂದವನ ಬಾಯಾರಿಕೆ ತೀರುವುದೆಂತು?