ಸೋಡಿ ಯಾರಿಗೆ, ಸೆಕೆ ಯಾರಿಗೆ?

ಬೇಸಿಗೆ ಬಂತೆಂದರೆ ಕೋಲ್ಕತ್ತದ ಎಸಿ ಅಂಗಡಿಗಳ ಗಾಜಿನ ಮೇಲೆ ಒಂದು ಪದ ದೊಡ್ಡದಾಗುತ್ತದೆ: ಛಾಡ್. ‘ಬಿಡು’ ಎಂಬರ್ಥದ ಕ್ರಿಯಾಪದದಿಂದ ಹುಟ್ಟಿದ ಈ ಬಂಗಾಳಿ ಪದಕ್ಕೆ ಕನ್ನಡದಲ್ಲಿ ಸೋಡಿ ಇದೆ, ರಿಯಾಯಿತಿ ಇದೆ. ರಿಯಾಯಿತಿ ಅರಬ್ಬಿ ಮೂಲದ್ದು, ಪಾರಸಿಯ ದಾರಿಯಲ್ಲಿ ಬಂದದ್ದು. ಅದರ ಮೂಲಾರ್ಥ ಲಕ್ಷ್ಯ ಕೊಡುವುದು, ಎದುರಿಗಿರುವವರ ಸ್ಥಿತಿ ನೋಡಿ ನಡೆದುಕೊಳ್ಳುವುದು. ಈ ಅರ್ಥವನ್ನು ಹಿಡಿದು ಅಳೆದರೆ, ತಂಪಿನ ಹೆಸರಿನಲ್ಲಿ ಹಂಚುವ ಸೋಡಿಗಳಲ್ಲಿ ಬಹುಪಾಲು ರಿಯಾಯಿತಿಯೇ ಅಲ್ಲ. ಅವು ಯಾರ ಸ್ಥಿತಿಯನ್ನೂ ನೋಡಿಲ್ಲ.

2024ರ ಏಪ್ರಿಲ್ 30ರಂದು ಕೋಲ್ಕತ್ತದಲ್ಲಿ 43 ಡಿಗ್ರಿ ದಾಖಲಾಯಿತು. ಗಂಗೆಯ ಬಯಲಿನ ತೇವ ಸೇರಿದರೆ ಆ ಊರಿನ ಸೆಕೆ ಪಾದರಸದಲ್ಲಿ ಕಾಣುವುದಕ್ಕಿಂತ ಹೆಚ್ಚು. ರಾತ್ರಿಯೂ ಬೆವರು ಆರುವುದಿಲ್ಲ. ಬಾಡಿಗೆಯ ಒಂಟಿ ಕೋಣೆಯಲ್ಲಿ, ತಾರಸಿಯ ಕೆಳಗೇ ಮಲಗುವವರಿಗೆ ಇರುವ ಯಂತ್ರ ಒಂದೇ, ಸೀಲಿಂಗ್ ಫ್ಯಾನು. ಅದರ ಬಗ್ಗೆ ಸೋಡಿಯ ಲೋಕ ಏನು ಹೇಳುತ್ತದೆ?

ಮೊದಲು ತೆರಿಗೆ. 2025ರ ಸೆಪ್ಟೆಂಬರ್ 22ರಿಂದ ಎಸಿ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. 35,000 ರೂಪಾಯಿ ಮೂಲಬೆಲೆಯ ಎಸಿಗೆ 3,500 ರೂಪಾಯಿ ಉಳಿತಾಯ. ಐದು ನಕ್ಷತ್ರದ್ದಕ್ಕೂ ಇದೇ ದರ, ಕರೆಂಟು ನುಂಗುವ ಒಂದು ನಕ್ಷತ್ರದ್ದಕ್ಕೂ ಇದೇ ದರ. ಫ್ಯಾನಿನ ತೆರಿಗೆ ಮೊದಲೂ ಶೇ 18, ಈಗಲೂ ಶೇ 18. ಮಿತವಾಗಿ ಬಳಸುವ ಯಂತ್ರಕ್ಕೆ ನಯಾಪೈಸೆ ಇಳಿಕೆಯಿಲ್ಲ.

ಇನ್ನು ಬಿಲ್ಲು. ಕೋಲ್ಕತ್ತಕ್ಕೆ ವಿದ್ಯುತ್ ಕೊಡುವ ಸಿಇಎಸ್‌ಸಿ ಬಿಲ್ಲಿನಲ್ಲಿ ರಿಬೇಟ್ ಎಂಬ ಮಾತೇನೋ ಇದೆ. ಗಡುವಿನೊಳಗೆ ಕಟ್ಟಿದರೆ ಶೇ 1, ಆನ್‌ಲೈನಿನಲ್ಲಿ ಕಟ್ಟಿದರೆ ಮತ್ತೆ ಶೇ 1. ಅಂದರೆ ಕೈಯಲ್ಲಿ ಸಕಾಲಕ್ಕೆ ದುಡ್ಡಿದ್ದವರಿಗೆ ಬಹುಮಾನ. ಕರೆಂಟು ಉಳಿಸಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ.

ಈಗ ಲೆಕ್ಕ ಹಾಕಿ. ಹಳೆಯ ಬಗೆಯ ಸೀಲಿಂಗ್ ಫ್ಯಾನು ಸುಮಾರು 75 ವ್ಯಾಟ್ ಎಳೆಯುತ್ತದೆ. ಬಿಎಲ್‌ಡಿಸಿ ಮೋಟಾರಿನದು ಸುಮಾರು 30 ವ್ಯಾಟ್. ದಿನಕ್ಕೆ 15 ಗಂಟೆ, ವರ್ಷಕ್ಕೆ ಎಂಟು ತಿಂಗಳು ತಿರುಗಿದರೆ ಒಂದು ಫ್ಯಾನಿನಲ್ಲಿ 162 ಯೂನಿಟ್ ಉಳಿಯುತ್ತದೆ. ಯೂನಿಟ್‌ಗೆ ಏಳು ರೂಪಾಯಿ ಹಿಡಿದರೂ 1,134 ರೂಪಾಯಿ. ಎರಡು ಬಗೆಯ ಫ್ಯಾನುಗಳ ಬೆಲೆಯ ಅಂತರವೂ ಹೆಚ್ಚುಕಡಿಮೆ ಅಷ್ಟೇ. ವರ್ಷದಲ್ಲಿ ಅಸಲು ಕೈಸೇರುವ ವ್ಯವಹಾರ ಇದು. ಆದರೂ ಬಡವರು ಅಗ್ಗದ ಫ್ಯಾನನ್ನೇ ಕೊಳ್ಳುತ್ತಾರೆ. ಅದು ಅಜ್ಞಾನವಲ್ಲ. ಅಂಗಡಿಯ ಮುಂದೆ ನಿಂತ ಹೊತ್ತಿಗೆ ಆ ಹೆಚ್ಚುವರಿ ಸಾವಿರ ರೂಪಾಯಿ ಜೇಬಿನಲ್ಲಿ ಇರುವುದಿಲ್ಲ. ಸೋಡಿ ಬೇಕಾದದ್ದು ಸರಿಯಾಗಿ ಆ ಕ್ಷಣಕ್ಕೆ, ಆ ಮೊತ್ತಕ್ಕೆ.

ಬೇರೆ ಕಡೆ ಏನಾಗಿದೆ? ದಿಲ್ಲಿಯಲ್ಲಿ ಬಿಎಸ್‌ಇಎಸ್ ಹಳೆಯ ಎಸಿ ತೆಗೆದುಕೊಂಡು ಐದು ನಕ್ಷತ್ರದ ಹೊಸದನ್ನು ಭಾರಿ ಸೋಡಿಯಲ್ಲಿ ಕೊಟ್ಟಿದೆ. ಕರೆಂಟು ಉಳಿಯುವುದು ನಿಜ. ಆದರೆ ಕೊಡಲು ಹಳೆಯ ಎಸಿ ಇರಬೇಕಲ್ಲ? ಕರ್ನಾಟಕದಲ್ಲಿ ಸೋಲಾರ್ ವಾಟರ್ ಹೀಟರ್ ಇದ್ದ ಮನೆಗೆ ಬೆಸ್ಕಾಂ ಯೂನಿಟ್‌ಗೆ 50 ಪೈಸೆಯಂತೆ, ತಿಂಗಳಿಗೆ 50 ರೂಪಾಯಿ ಮೀರದಂತೆ ಬಿಲ್ಲಿನಲ್ಲಿ ಕಳೆದಿದೆ. ಅದಕ್ಕೆ ಸ್ವಂತ ತಾರಸಿ ಬೇಕು. ಅಮೆರಿಕದಲ್ಲಿ ಹೀಟ್ ಪಂಪ್ ಹಾಕಿಸಿದವರಿಗೆ ವೆಚ್ಚದ ಶೇ 30, ಗರಿಷ್ಠ 2,000 ಡಾಲರ್ ತೆರಿಗೆಯಲ್ಲಿ ಬಿಟ್ಟಿದ್ದರು. 2025ರ ಕೊನೆಗೆ ಅದು ಮುಗಿಯಿತು. ಇದ್ದಾಗಲೂ ತೆರಿಗೆ ಬಾಕಿಯಿದ್ದವರಿಗಷ್ಟೇ ದಕ್ಕಿತು. ಮೂರು ಊರು, ಒಂದೇ ಕಥೆ: ಇದ್ದವರ ಕೈಗೆ ಇನ್ನಷ್ಟು.

ಬೇರೆ ದಾರಿಯೂ ಇತ್ತು, ದೇಶ ಅದರಲ್ಲಿ ನಡೆದೂ ನೋಡಿದೆ. 2015ರ ಉಜಾಲಾ ಯೋಜನೆಯಲ್ಲಿ ಸರ್ಕಾರಿ ಸಂಸ್ಥೆ ಇಇಎಸ್‌ಎಲ್ ಎಲ್‌ಇಡಿ ಬಲ್ಬುಗಳನ್ನು ಸಗಟಾಗಿ ಕೊಂಡಿತು. 2014ರಲ್ಲಿ ಸುಮಾರು 310 ರೂಪಾಯಿ ಇದ್ದ ಖರೀದಿ ಬೆಲೆ 2016ರಲ್ಲಿ 38ಕ್ಕೆ ಇಳಿಯಿತು. ಕೆಲವೆಡೆ ಹತ್ತು ರೂಪಾಯಿ ಕಂತನ್ನು ಬಿಲ್ಲಿನಲ್ಲೇ ಸೇರಿಸಿದರು. ಕರ್ನಾಟಕ ಅದನ್ನು ‘ಹೊಸ ಬೆಳಕು’ ಎಂದು ಕರೆಯಿತು. 36 ಕೋಟಿಗೂ ಹೆಚ್ಚು ಬಲ್ಬು ಮನೆಗಳಿಗೆ ಹೋದವು. ಅದಕ್ಕೆ ಸ್ವಂತ ಮನೆಯೂ ಬೇಕಿರಲಿಲ್ಲ, ತೆರಿಗೆ ಬಾಕಿಯೂ ಬೇಕಿರಲಿಲ್ಲ. ಬಲ್ಬಿಗೆ ಆದದ್ದು ಫ್ಯಾನಿಗೆ ಅದೇ ವೇಗದಲ್ಲಿ ಏಕೆ ಆಗಬಾರದು? 2023ರಲ್ಲಿ ಒಂದು ಕೋಟಿ ಫ್ಯಾನುಗಳ ಗುರಿ ಘೋಷಣೆಯಾಯಿತು. ನೂರ ನಲವತ್ತು ಕೋಟಿ ಜನರ ದೇಶದಲ್ಲಿ ಅದು ಅರೆಕಾಸಿನ ಮಜ್ಜಿಗೆ.

ದುಡ್ಡು ಎಲ್ಲಿಂದ ಎಂಬ ಪ್ರಶ್ನೆ ಬರುತ್ತದೆ, ಬರಬೇಕು. ಸಿಇಎಸ್‌ಸಿಗೆ 30 ಲಕ್ಷಕ್ಕೂ ಹೆಚ್ಚು ಗ್ರಾಹಕರಿದ್ದಾರೆ. ಮೂವತ್ತು ಲಕ್ಷ ಫ್ಯಾನು ಬದಲಾಗಿ, ಸೆಕೆಯ ರಾತ್ರಿ ಅಷ್ಟೂ ಒಟ್ಟಿಗೆ ತಿರುಗಿದರೆ ಬೇಡಿಕೆಯಲ್ಲಿ 135 ಮೆಗಾವ್ಯಾಟ್ ಇಳಿಯುತ್ತದೆ. ಬಜ್ ಬಜ್‌ನ ಕಲ್ಲಿದ್ದಲು ಸ್ಥಾವರದ 250 ಮೆಗಾವ್ಯಾಟಿನ ಒಂದು ಘಟಕದ ಅರ್ಧಕ್ಕಿಂತ ಹೆಚ್ಚು. ಸ್ಥಾವರ ಕಟ್ಟಿದ ಖರ್ಚನ್ನು ದರದಲ್ಲಿ ಸೇರಿಸಲು ವಿದ್ಯುತ್ ನಿಯಂತ್ರಣ ಆಯೋಗ ಒಪ್ಪುತ್ತದೆ. ಸ್ಥಾವರ ಬೇಡವಾಗಿಸುವ ಫ್ಯಾನಿನ ಖರ್ಚನ್ನೂ ಅದೇ ಪುಸ್ತಕದಲ್ಲಿ ಬರೆಯಬಹುದು.

ಬೆಂಗಳೂರಿನಲ್ಲಿ ಲೆಕ್ಕ ಇನ್ನೂ ಸಲೀಸು. ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಸೊನ್ನೆ ಬಿಲ್ಲು ಬರುವ ಮನೆಗೆ ಒಳ್ಳೆಯ ಫ್ಯಾನು ಹಾಕಿ ಸಿಗುವ ಲಾಭ ಏನೂ ಇಲ್ಲ. ಉಳಿದ ಯೂನಿಟ್ಟಿನ ದುಡ್ಡು ಸರ್ಕಾರದ ಬೊಕ್ಕಸಕ್ಕೆ. ಹಾಗಾದರೆ ಫ್ಯಾನು ಕೊಡಿಸಬೇಕಾದವರೂ ಸರ್ಕಾರವೇ.

ಎಸಿ ಬೇಡವೆಂದು ಯಾರೂ ಹೇಳುತ್ತಿಲ್ಲ. 43 ಡಿಗ್ರಿಯಲ್ಲಿ ವೃದ್ಧರಿಗೆ, ಹಸುಗೂಸಿಗೆ ಅದು ಜೀವರಕ್ಷಕ. ಕೊಳ್ಳುವವರು ನಕ್ಷತ್ರದ ಜೊತೆ ಲೇಬಲ್ಲಿನ ವರ್ಷವನ್ನೂ ನೋಡಲಿ. ಮಾನದಂಡ ಬಿಗಿಯಾದಾಗ ಹಳೆಯ ಐದು ನಕ್ಷತ್ರ ಕೆಳಗಿಳಿಯುತ್ತದೆ. ಎಸಿಗೆ ಸೋಡಿ ಕೊಡುವುದಾದರೆ ಐದು ನಕ್ಷತ್ರಕ್ಕೆ ಮಾತ್ರ ಕೊಡಲಿ. ಅದಕ್ಕೂ ಮೊದಲು, ಮೀಟರು ಯಾರ ಹೆಸರಲ್ಲಿದ್ದರೂ ಸರಿ, ಅರ್ಜಿಯ ರಗಳೆಯಿಲ್ಲದೆ ಬಾಡಿಗೆದಾರರ ಕೋಣೆಗೆ ಒಂದು ಫ್ಯಾನು ಬರಲಿ. ತಿಂಗಳಿಗೆ 100 ರೂಪಾಯಿ ಕಂತು ಬಿಲ್ಲಿನಲ್ಲಿ ಸೇರಲಿ. ಸೆಕೆಯ ತಿಂಗಳುಗಳಲ್ಲಿ ಅದೇ ಬಿಲ್ಲಿನಿಂದ ಸುಮಾರು 140 ರೂಪಾಯಿ ಕಡಿಮೆಯಾಗುತ್ತದೆ. ರಿಯಾಯಿತಿ ಎಂಬ ಪದಕ್ಕೆ ಮರ್ಯಾದೆ ಬರುವುದು ಆಗ.