ಮಕ್ಕಳಿಗೆ ಪರೀಕ್ಷೆ, ಸಾಫ್ಟ್‌ವೇರಿಗೆ ಮಾಫಿ

ಬಿಸಿಯೂಟ ಮುಗಿದ ಮೇಲಿನ ಮೊದಲ ಪೀರಿಯಡ್ಡು. ಆರನೇ ತರಗತಿಯ ಹುಡುಗಿಯೊಬ್ಬಳು ಹೆಡ್‌ಫೋನ್ ಹಾಕಿಕೊಂಡು ಟ್ಯಾಬಿನ ಮುಂದೆ ಕೂತಿದ್ದಳು. ತೆರೆಯ ಮೇಲೆ ಮೊಟ್ಟೆಯ ಚಿತ್ರ ಬಂತು. ಅದರ ಹೆಸರು ಹೇಳಬೇಕು. 'ಯೆಗ್ಗು' ಅಂದಳು. ಕೆಂಪು ಗೀಟು. ಇನ್ನೊಮ್ಮೆ, ಸ್ವಲ್ಪ ಜೋರಾಗಿ ಅಂದಳು. ಮತ್ತೆ ಕೆಂಪು. ಮೂರನೆಯ ಸಲ ದನಿ ಅಡಗಿಹೋಯಿತು. ಸುಮ್ಮನೆ ಮುಂದಿನ ಬಾಣ ಒತ್ತಿದಳು, ಅದರ ಮುಂದಿನದನ್ನೂ ಒತ್ತಿದಳು. ಕೊನೆಗೆ ಪಟಾಕಿ ಸಿಡಿದು ನಕ್ಷತ್ರಗಳು ಉದುರಿದವು. ಮುಖ್ಯ ಶಿಕ್ಷಕರ ಕಂಪ್ಯೂಟರಿಗೆ ಹೋಗುವ ವರದಿಯಲ್ಲಿ ಆ ಮಗುವಿನ ಹೆಸರಿನ ಎದುರು ಪಾಠ ಪೂರ್ಣವಾಗಿದೆ ಎಂದು ದಾಖಲಾಗಿತ್ತು.

26 ವರ್ಷ ಸರ್ಕಾರಿ ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತನಾದವನು ನಾನು. ಅಂದು ಕಂಡದ್ದು ಇನ್ನೂ ಕಾಡುತ್ತಿದೆ. ಆ ಹುಡುಗಿಯ ನಾಲಗೆಯಲ್ಲಿದ್ದದ್ದು ಅಜ್ಞಾನವಲ್ಲ, ಕನ್ನಡ. ನಾವು 'ಎಲೆ' ಎಂದು ಬರೆದು 'ಯೆಲೆ' ಎನ್ನುತ್ತೇವೆ. 'ಒಲೆ' ಎಂದು ಬರೆದು 'ವೊಲೆ' ಎನ್ನುತ್ತೇವೆ. ವ್ಯಂಜನಕ್ಕೆ ಬಂದು ನಿಲ್ಲುವ ಪದಕ್ಕೆ ಒಂದು ಉಕಾರ ಅಂಟಿಸದಿದ್ದರೆ ನಮಗೆ ಸಮಾಧಾನವಿಲ್ಲ: ಬಸ್ಸು, ಕಾರು, ಪೆನ್ನು. ತನ್ನ ಭಾಷೆಯ ಎರಡು ನಿಯಮಗಳನ್ನು ಆಕೆ ಚಾಚೂ ತಪ್ಪದೆ ಪಾಲಿಸಿದ್ದಳು. ಸಾಫ್ಟ್‌ವೇರಿಗೆ ಅದು ಗೊತ್ತಿರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಮೇಷ್ಟ್ರಿಗೆ ಗೊತ್ತಿತ್ತು. ಆಮೇಲೆ ಅವಳನ್ನು ಕರೆದು, ಬೇಡು ಎಂಬ ಅರ್ಥದ 'ಬೆಗ್' ಎಂಬ ಪದ ಹೇಳಿಸಿದರು, ಅದರಿಂದ ಮೊದಲ ಬಕಾರವನ್ನಷ್ಟೇ ನುಂಗಿಬಿಡು ಅಂದರು. 'ಎಗ್' ಬಂತು. ಎರಡು ನಿಮಿಷದ ಕೆಲಸ.

ಹಾಗಾದರೆ ಈ ಸಾಫ್ಟ್‌ವೇರನ್ನು ಶಾಲೆಗೆ ತರುವ ಮುನ್ನ ಕನ್ನಡ ಮಾತಾಡುವ ಮಕ್ಕಳ ಮುಂದೆ ಇಟ್ಟು ನೋಡಿದವರು ಯಾರು? ಕೇಳಿದೆ. ಯಾರೂ ಇಲ್ಲ.

ಇದೇ ರಾಜ್ಯದಲ್ಲಿ 5, 8, 9ನೇ ತರಗತಿಯ ಮಕ್ಕಳಿಗೆ ಬೋರ್ಡ್ ಮಟ್ಟದ ಪರೀಕ್ಷೆ ಬೇಕೋ ಬೇಡವೋ ಎಂಬ ವ್ಯಾಜ್ಯ ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟ್ ತನಕ ಹೋಯಿತು. 2024ರ ಏಪ್ರಿಲ್‌ನಲ್ಲಿ ಫಲಿತಾಂಶಕ್ಕೆ ತಡೆ ಬಿತ್ತು. ಹತ್ತು ವರ್ಷದ ಮಗು ಕಲಿತಿದೆಯೋ ಇಲ್ಲವೋ ಎಂದು ಅಳೆಯಲು ನಮಗೆ ಅಷ್ಟು ಆತುರ. ಆ ಮಗುವಿಗೆ ಕಲಿಸುತ್ತೇನೆಂದು ಹಣ ಎಣಿಸಿಕೊಂಡ ಸರಕನ್ನು ಅಳೆಯುವ ಮಾತೇ ಇಲ್ಲ. ಇದು ಅನ್ಯಾಯ. ಬೇರೆ ಪದ ನನಗೆ ಸಿಗುತ್ತಿಲ್ಲ.

ಈ ಅನ್ಯಾಯ ಇಷ್ಟು ಸಲೀಸಾಗಿ ನಡೆಯಲು ನಮ್ಮ ಸಾರ್ವಜನಿಕ ಚರ್ಚೆಯೂ ಕಾರಣ. ಗೋಕಾಕ್ ಚಳವಳಿಯ ಕಾಲದಿಂದ ನಾವು ಮಾಧ್ಯಮದ ಬಗ್ಗೆ ಜಗಳವಾಡುತ್ತ ಬಂದಿದ್ದೇವೆ. 2007-08ರಲ್ಲಿ ಸರ್ಕಾರಿ ಶಾಲೆಗಳ ಒಂದನೇ ತರಗತಿಗೇ ಇಂಗ್ಲಿಷ್ ಒಂದು ವಿಷಯವಾಗಿ ಬಂದಾಗ ಜಗಳ. ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಕಡ್ಡಾಯ ಮಾಡುವಂತಿಲ್ಲ ಎಂದು 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದಾಗ ಜಗಳ. 2019ರಲ್ಲಿ 1000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಲು ಹೊರಟಾಗ ಮತ್ತೆ ಜಗಳ. ಅವುಗಳಲ್ಲಿ ನಾನು ಕನ್ನಡ ಮಾಧ್ಯಮದ ಪರ ನಿಂತವನು, ಇವತ್ತಿಗೂ ಅಲ್ಲೇ ಇದ್ದೇನೆ. ಆದರೆ ಮಾಧ್ಯಮದ ಗದ್ದಲದಲ್ಲಿ ಬಹುಮಾಧ್ಯಮ ಹಿಂಬಾಗಿಲಿನಿಂದ ಒಳಗೆ ಬಂದದ್ದು ನಮಗೆ ಕಾಣಲಿಲ್ಲ. ಕನ್ನಡಪರರು ಇಂಗ್ಲಿಷ್ ಹೇಗೆ ಕಲಿಸುತ್ತೀರಿ ಎಂದು ಕೇಳಲಿಲ್ಲ, ಅದು ತಮ್ಮ ಪ್ರಶ್ನೆಯಲ್ಲ ಎಂದುಕೊಂಡರು. ಇಂಗ್ಲಿಷ್ ಪರರು, ಇಂಗ್ಲಿಷ್ ಬಂದರೆ ಸಾಕೆಂದರು. ಮಗನಿಗೆ ನಾಲ್ಕು ಮಾತು ಇಂಗ್ಲಿಷ್ ಬರಲಿ ಎಂದು ಕೂಲಿ ಬಿಟ್ಟು ಶಾಲೆಯ ಸಭೆಗೆ ಬಂದ ತಾಯಿಯ ಆಸೆ ಮಾತ್ರ ನೂರಕ್ಕೆ ನೂರು ನಿಜವಾದದ್ದು. ಮಾರುವವರು ಮೊದಲು ಹಿಡಿದದ್ದು ಆ ಆಸೆಯನ್ನೇ.

ನಾನಿರುವ ಹೋಬಳಿಯ ಶಾಲೆಯೊಂದರ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ (ಎಸ್‌ಡಿಎಂಸಿ) ಈಗ ಸಲಹೆಗಾರನಾಗಿದ್ದೇನೆ. ದಾನಿಗಳ ಹಣದಲ್ಲಿ ಇಂಗ್ಲಿಷ್ ಕಲಿಕಾ ಸಾಫ್ಟ್‌ವೇರ್ ಕೊಳ್ಳಲು ಕೊಟೇಷನ್ ಕರೆದಿದ್ದೆವು. ಬಂದ ಕಾಗದಗಳಲ್ಲಿ ಎಷ್ಟು ಗಂಟೆಯ ಅನಿಮೇಷನ್, ಎಷ್ಟು ಆಟ, ಎಷ್ಟು ಇಂಚಿನ ಪ್ಯಾನಲ್, ಎಷ್ಟು ವರ್ಷದ ವಾರಂಟಿ ಎಲ್ಲ ಇತ್ತು. ಯಾವ ಊರಿನ ಯಾವ ಮಕ್ಕಳು ಇದರಿಂದ ಏನು ಕಲಿತರು ಎಂಬುದಕ್ಕೆ ಒಂದು ಸಾಲೂ ಇರಲಿಲ್ಲ. ಬಂದ ಪ್ರತಿನಿಧಿಯನ್ನು ಕೇಳಿದರೆ, 'ಡೆಮೊ ಕೊಡ್ತೀವಿ ಸಾರ್' ಎಂದ. ಡೆಮೊದಲ್ಲಿ ಬಣ್ಣ ಕಾಣುತ್ತದೆ, ಕಲಿಕೆ ಕಾಣುವುದಿಲ್ಲ.

ಇದು ನಮ್ಮೂರಿನ ಕತೆ ಮಾತ್ರವಲ್ಲ. ಶಿಕ್ಷಣದಲ್ಲಿ ತಂತ್ರಜ್ಞಾನದ ಬಗ್ಗೆ ಯುನೆಸ್ಕೊ 2023ರಲ್ಲಿ ಹೊರತಂದ ಜಾಗತಿಕ ವರದಿಯಲ್ಲಿ ಎರಡು ಅಂಕಿಗಳಿವೆ. ಬ್ರಿಟನ್ನಿನ ಶಿಕ್ಷಣ ತಂತ್ರಜ್ಞಾನ ಕಂಪನಿಗಳಲ್ಲಿ ತಮ್ಮ ಸರಕನ್ನು ಎರಡು ಗುಂಪು ಮಾಡಿ ಹೋಲಿಸುವ ಕಟ್ಟುನಿಟ್ಟಾದ ಪ್ರಯೋಗಕ್ಕೆ ಒಡ್ಡಿದವು ಶೇ 7 ಮಾತ್ರ. ಅಮೆರಿಕದ 17 ರಾಜ್ಯಗಳ ಶಿಕ್ಷಕರು ಮತ್ತು ಆಡಳಿತಗಾರರಲ್ಲಿ, ಕೊಳ್ಳುವ ಮುನ್ನ ತಜ್ಞರು ಪರಿಶೀಲಿಸಿದ ಪುರಾವೆ ಕೇಳಿದವರು ಶೇ 11. ಶ್ರೀಮಂತ ದೇಶಗಳು ಕಣ್ಣು ಮುಚ್ಚಿ ಕೊಳ್ಳುತ್ತವೆ ಎಂಬುದು ನಾವೂ ಹಾಗೇ ಮಾಡಲು ಪರವಾನಗಿಯಲ್ಲ. ಅವರಿಗೆ ಹೋಗುವುದು ಹಣ ಮಾತ್ರ, ನಮ್ಮ ಮಗುವಿಗೆ ಇಂಗ್ಲಿಷ್ ಸಿಗುವ ಜಾಗ ಶಾಲೆ ಒಂದೇ.

ಅಳೆದು ನೋಡಲು ಸಾಧ್ಯವೇ ಇಲ್ಲ ಎನ್ನುವವರಿಗೆ ಪಕ್ಕದ ರಾಜ್ಯದ ಉದಾಹರಣೆ ಕೊಡುತ್ತೇನೆ. ಮಹಾರಾಷ್ಟ್ರದಲ್ಲಿ ಪ್ರಥಮ್ ಸಂಸ್ಥೆಯ ಇಂಗ್ಲಿಷ್ ಕಲಿಕಾ ಕಾರ್ಯಕ್ರಮವನ್ನು ಅರ್ಥಶಾಸ್ತ್ರಜ್ಞರು ಪರೀಕ್ಷೆಗೆ ಒಡ್ಡಿ 2008ರಲ್ಲಿ ವರದಿ ಬರೆದರು. ಚಿತ್ರವನ್ನು ಕಡ್ಡಿಯಿಂದ ಮುಟ್ಟಿದರೆ ಅದರ ಇಂಗ್ಲಿಷ್ ಹೆಸರು ಹೇಳುವ 'ಪಿಕ್‌ಟಾಕ್' ಎಂಬ ಯಂತ್ರ ಒಂದು ಕಡೆ, ಚಿತ್ರದ ಕಾರ್ಡುಗಳ ಆಟಗಳು ಇನ್ನೊಂದು ಕಡೆ. ಎರಡರಿಂದಲೂ ಮಕ್ಕಳು ಕಲಿತರು. ಆದರೆ ಯಾರು ಹೆಚ್ಚು ಕಲಿತರು ಎಂಬಲ್ಲಿ ವ್ಯತ್ಯಾಸವಿತ್ತು. ಮೊದಲೇ ಮುಂದಿದ್ದ ಮಕ್ಕಳಿಗೆ ತಮ್ಮ ಪಾಡಿಗೆ ಬಳಸುವ ಯಂತ್ರ ಹೆಚ್ಚು ಕೊಟ್ಟಿತು. ಹಿಂದಿದ್ದ ಮಕ್ಕಳಿಗೆ ಶಿಕ್ಷಕರು ಕೈಹಾಕಿ ನಡೆಸಿದ ಪಾಠ ಹೆಚ್ಚು ಕೊಟ್ಟಿತು. ಇದನ್ನು ಇನ್ನೊಮ್ಮೆ ಓದಿ. ಸರಾಸರಿ ಅಂಕವೊಂದನ್ನೇ ನೋಡಿದ್ದರೆ ಈ ಸತ್ಯ ಕಾಣುತ್ತಲೇ ಇರಲಿಲ್ಲ. ನಮ್ಮ ಸರ್ಕಾರಿ ಶಾಲೆಯ ಕೊನೆಯ ಬೆಂಚಿನ ಮಗುವನ್ನು ಹೆಡ್‌ಫೋನಿಗೆ ಒಪ್ಪಿಸಿ ಮೇಷ್ಟ್ರನ್ನು ಗಣತಿಗೆ, ಸಮೀಕ್ಷೆಗೆ ಕಳಿಸಿದರೆ ನಷ್ಟ ಯಾರಿಗೆ ಎಂದು ಬಿಡಿಸಿ ಹೇಳಬೇಕಿಲ್ಲ.

ಅದೇ ವರ್ಷ ಗುಜರಾತಿನ ಜ್ಞಾನಶಾಲಾ ತರಗತಿಗಳಲ್ಲಿ ಗಣಿತದ ಸಾಫ್ಟ್‌ವೇರಿನ ಬಗ್ಗೆ ಬಂದ ಅಧ್ಯಯನ ಇನ್ನೂ ಖಡಾಖಂಡಿತ. ತರಗತಿಯ ಸಮಯ ಕಿತ್ತುಕೊಂಡು ಕಂಪ್ಯೂಟರಿಗೆ ಕೊಟ್ಟಾಗ ಮಕ್ಕಳು ಕಲಿತದ್ದು ಕಡಿಮೆಯಾಯಿತು, ಶಾಲೆಯ ಅವಧಿಯ ಹೊರಗೆ ಹೆಚ್ಚುವರಿಯಾಗಿ ಕೊಟ್ಟಾಗ ಹೆಚ್ಚಿತು. ಸಾಫ್ಟ್‌ವೇರ್ ಅದೇ, ಬಳಸಿದ ಗಳಿಗೆ ಬೇರೆ. ದೆಹಲಿಯ 'ಮೈಂಡ್‌ಸ್ಪಾರ್ಕ್' ಕೇಂದ್ರಗಳಲ್ಲಿ ನಾಲ್ಕೂವರೆ ತಿಂಗಳಲ್ಲಿ ಗಣಿತವೂ ಹಿಂದಿಯೂ ಗಣನೀಯವಾಗಿ ಸುಧಾರಿಸಿದವು ಎಂಬ 2019ರ ಅಧ್ಯಯನವನ್ನು ಮಾರುವವರು ಎಲ್ಲೆಡೆ ಹಿಡಿದುಕೊಂಡು ಓಡಾಡುತ್ತಾರೆ. ಒಳ್ಳೆಯ ಅಧ್ಯಯನವೇ. ಆದರೆ ಅಲ್ಲಿ ಕಂಪ್ಯೂಟರಿನ ಮುಂದೆ ಕೂತಷ್ಟೇ ಹೊತ್ತು ಸಣ್ಣ ಗುಂಪಿನಲ್ಲಿ ಮನುಷ್ಯರ ಪಾಠವೂ ಇತ್ತು, ಕಲಿತ ಭಾಷೆ ಮಕ್ಕಳು ಬೀದಿಯಲ್ಲಿ ಕೇಳುವ ಭಾಷೆಯೇ ಆಗಿತ್ತು. ಆ ಫಲಿತಾಂಶವನ್ನು ಸುರಪುರದ ಮಗುವಿನ ಇಂಗ್ಲಿಷಿಗೆ ಅಂಟಿಸುವುದು ಮೋಸ.

ಎರಡನೇ ಭಾಷೆಯಾಗಿ ಇಂಗ್ಲಿಷ್ ಕಲಿಸುವ ಸಾಫ್ಟ್‌ವೇರಿಗೆ ಮೊದಲ ಭಾಷೆ ಗೊತ್ತಿರಬೇಕು. ನನ್ನ ವಾದವೆಲ್ಲ ಇಷ್ಟೇ. 'ಮೇಜಿನ ಮೇಲೆ' ಎನ್ನುವಾಗ ನಮ್ಮ 'ಮೇಲೆ' ನಾಮಪದದ ಹಿಂದೆ ಬರುತ್ತದೆ, ಅವರ 'ಆನ್' ಮುಂದೆ ಬರುತ್ತದೆ. ನಮ್ಮ ಕ್ರಿಯಾಪದ ವಾಕ್ಯದ ತುದಿಯಲ್ಲಿ ಕಾದು ಕೂತಿರುತ್ತದೆ, ಅವರದು ನಡುವೆಯೇ ನುಗ್ಗುತ್ತದೆ. ಸ್ಪ್ಯಾನಿಷ್ ಮಾತಾಡುವ ಮಗುವಿಗೆ ಇದನ್ನೆಲ್ಲ ವಿವರಿಸಬೇಕಿಲ್ಲ, ಅದರ ಭಾಷೆಯಲ್ಲೂ ಹಾಗೇ ಇದೆ. ಆ ಮಗುವನ್ನು ಕಣ್ಣ ಮುಂದಿಟ್ಟುಕೊಂಡು ಕಟ್ಟಿದ ಪಾಠಕ್ಕೆ ಕನ್ನಡದ ಮೆನು ಹೊದಿಸಿ ತಂದರೆ ಅದು ಕನ್ನಡ ಮಕ್ಕಳಿಗಾಗಿ ಮಾಡಿದ ಪಾಠವಾಗುವುದಿಲ್ಲ. 'ನನಗೆ ಜ್ವರ ಬಂದಿದೆ' ಎನ್ನುವ ಮಗು 'ಫೀವರ್ ಈಸ್ ಕಮಿಂಗ್ ಟು ಮಿ' ಎನ್ನುತ್ತದೆ. ಅದು ಎಲ್ಲಿಂದ ಬಂತೆಂದು ತಿಳಿದ ಶಿಕ್ಷಕಿ 'ನನಗೆ' ಎಂಬುದನ್ನು 'ಐ' ಮಾಡುವುದು ಹೇಗೆಂದು ತೋರಿಸುತ್ತಾಳೆ. ತಿಳಿಯದ ಯಂತ್ರ ಕೆಂಪು ಗೀಟು ಹಾಕುತ್ತದೆ.

ಇಂಗ್ಲಿಷಿನ 'ದ' ಎಂಬ ಪುಟ್ಟ ಪದ ನಮ್ಮ ಮಕ್ಕಳನ್ನು ಪದವಿ ಮುಗಿಯುವ ತನಕ ಗೋಳಾಡಿಸುತ್ತದೆ. ಕನ್ನಡದಲ್ಲಿ ಅದಕ್ಕೆ ಸರಿಸಮಾನವಾದ ಪದವಿಲ್ಲ. ಆದರೆ ದಾರಿ ಇದೆ. 'ಪುಸ್ತಕ ತಾ' ಎಂದರೆ ಯಾವುದೋ ಒಂದು ಪುಸ್ತಕ. 'ಪುಸ್ತಕವನ್ನು ತಾ' ಎಂದರೆ ಇಬ್ಬರಿಗೂ ಗೊತ್ತಿರುವ ಪುಸ್ತಕ. ಆ 'ಅನ್ನು' ಇರುವ ಕಡೆ ಒಂದು ಕ್ಷಣ ನಿಂತು ಯೋಚಿಸಿ ಎಂದು ನಾನು ಹೇಳಿಕೊಡುತ್ತಿದ್ದೆ. ಎಲ್ಲ ಕಡೆ ನಡೆಯುವ ಸೂತ್ರವಲ್ಲ, ಆದರೆ ಕತ್ತಲಲ್ಲಿ ಒಂದು ದೀಪ. ಇಂಥ ದೀಪ ಹಚ್ಚುವ ಒಂದು ಸಾಫ್ಟ್‌ವೇರನ್ನೂ ನಾನು ಕಂಡಿಲ್ಲ. ಚಿತ್ರ ಮತ್ತು ಪದ ಜೋಡಿಸುತ್ತಾ, ಮಗುವಿನ ಭಾಷೆಯನ್ನು ಬಾಗಿಲಾಚೆ ನಿಲ್ಲಿಸಿ ಕಲಿಸುವ 'ರೊಸೆಟ್ಟಾ ಸ್ಟೋನ್' ಮಾದರಿ 1990ರ ದಶಕದಿಂದ ಜನಪ್ರಿಯ. ಸೇಬು, ಚೆಂಡು, ಬೆಕ್ಕಿಗೆ ಅದು ಸಾಕು. 'ಅನ್ನು'ವಿನ ಚಿತ್ರ ಬಿಡಿಸಲು ಯಾರಿಂದಲೂ ಆಗದು.

ಉಚ್ಚಾರ ತಿದ್ದುವ ಧ್ವನಿ ಗುರುತಿಸುವಿಕೆಯ ವಿಷಯದಲ್ಲಂತೂ ನನಗೆ ಸಿಟ್ಟು ಬರುತ್ತದೆ. ಬನಿಯನ್ನಿಗೆ ಹೇಳುವ 'ವೆಸ್ಟ್' ಬೇರೆ, ಪಶ್ಚಿಮಕ್ಕೆ ಹೇಳುವ 'ವೆಸ್ಟ್' ಬೇರೆ. ಕನ್ನಡ ಲಿಪಿಯಲ್ಲಿ ನಾನು ಅವೆರಡನ್ನು ಬೇರೆ ಮಾಡಿ ಬರೆಯಲಾರೆ, ನಮ್ಮ ಕಿವಿಗೆ ಇರುವುದು ಒಂದೇ ವಕಾರ. ಹಾಗಂತ ನಮ್ಮ ಇಂಗ್ಲಿಷ್ ಯಾರಿಗೂ ಅರ್ಥವಾಗದೆ ಹೋಗಿಲ್ಲ. 2020ರಲ್ಲಿ ಅಮೆರಿಕದಲ್ಲಿ ಐದು ದೈತ್ಯ ಕಂಪನಿಗಳ ಧ್ವನಿ ಗುರುತಿಸುವ ವ್ಯವಸ್ಥೆಗಳನ್ನು ಸಂಶೋಧಕರು ಪರೀಕ್ಷಿಸಿದರು. ಬಿಳಿಯರ ಮಾತಿನಲ್ಲಿ ನೂರು ಪದಕ್ಕೆ ಸರಾಸರಿ 19 ತಪ್ಪು, ಕಪ್ಪು ಜನರ ಮಾತಿನಲ್ಲಿ 35. ಇಬ್ಬರದೂ ಹುಟ್ಟು ಭಾಷೆ ಇಂಗ್ಲಿಷೇ. ಆ ಕಿವಿಗಳೇ ಹೀಗಿರುವಾಗ ಮಳವಳ್ಳಿಯ ಮಗುವಿನ ಬಾಯಿಗೆ ಅಂಥದ್ದೇ ಕಿವಿಯನ್ನು ಪರೀಕ್ಷಕನಾಗಿ ಕೂರಿಸುವ ಮುನ್ನ, ಆ ಕಿವಿಯನ್ನು ಯಾರ ದನಿ ಕೇಳಿಸಿ ಬೆಳೆಸಿದ್ದೀರಿ ಎಂದಾದರೂ ಕೇಳಬೇಡವೇ?

'ಮೇಷ್ಟ್ರಿಗೇ ಇಂಗ್ಲಿಷ್ ಬರಲ್ವಲ್ಲ, ಇದಾದರೂ ಇರಲಿ' ಎನ್ನುವವರಿದ್ದಾರೆ. ಅವರ ಮಾತಲ್ಲಿ ನಿಜವಿದೆ. ಎಲ್ಲ ವಿಷಯಕ್ಕೂ ಒಬ್ಬರೇ ಇರುವ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ, ತಾವೇ ಒಂದು ವಾಕ್ಯ ಇಂಗ್ಲಿಷ್ ಮಾತಾಡಲು ಹಿಂಜರಿಯುವ ಶಿಕ್ಷಕರನ್ನು ನಾನು ಬಲ್ಲೆ. ಅವರ ಸಂಕಟವನ್ನೂ ಬಲ್ಲೆ. ಯಂತ್ರಕ್ಕೆ ದಣಿವಿಲ್ಲ, ನೂರು ಸಲ ಕೇಳಿಸು ಎಂದರೆ ಕೇಳಿಸುತ್ತದೆ, ಬೈಯುವುದಿಲ್ಲ. ಕೇಳಿಸಿಕೊಳ್ಳುವುದಕ್ಕೆ ಅದಕ್ಕಿಂತ ಒಳ್ಳೆಯ ಜೊತೆಗಾರ ಸಿಗುವುದು ಕಷ್ಟ. ಆಕಾಶವಾಣಿಯ 'ಕೇಳಿ-ಕಲಿ' ಪಾಠಗಳನ್ನು ರೇಡಿಯೊದ ಸುತ್ತ ಕೂತು ಕೇಳಿ ಮಕ್ಕಳು ಒಟ್ಟಾಗಿ ಉತ್ತರ ಕೊಡುತ್ತಿದ್ದುದನ್ನು ನೋಡಿದವನು ನಾನು. ಅಲ್ಲಿ ರೇಡಿಯೊ ಮೇಷ್ಟ್ರ ಕೈಗೆ ಬಲವಾಗಿತ್ತು, ಮೇಷ್ಟ್ರ ಕುರ್ಚಿಗೆ ಬಂದು ಕೂತಿರಲಿಲ್ಲ. ಮಾಧ್ಯಮಗಳು ದಿನಸಿ ಹೊತ್ತು ತರುವ ಲಾರಿ ಇದ್ದ ಹಾಗೆ, ಪುಷ್ಟಿ ಬರುವುದು ದಿನಸಿಯಿಂದ ಎಂದು ಅಮೆರಿಕದ ರಿಚರ್ಡ್ ಕ್ಲಾರ್ಕ್ 1983ರಲ್ಲೇ ವಾದಿಸಿದ್ದರು. ನಾನು ಅಷ್ಟು ದೂರ ಹೋಗುವುದಿಲ್ಲ. ಕೆಟ್ಟ ರಸ್ತೆಗೆ ಯಾವ ಲಾರಿ ಎಂಬುದೂ ಮುಖ್ಯ.

ಅಳೆಯುವುದು ಹೇಗೆ? ಇದಕ್ಕೆ ಶಾಸ್ತ್ರವೇ ಇದೆ. ಭಾಷಾ ಕಲಿಕೆಯ ಸಾಫ್ಟ್‌ವೇರನ್ನು ಯಾವ ಯಾವ ಒರೆಗೆ ಹಚ್ಚಬೇಕೆಂದು ಕ್ಯಾರಲ್ ಶಾಪೆಲ್ 2001ರ ತಮ್ಮ ಪುಸ್ತಕದಲ್ಲಿ ಆರು ಮಾನದಂಡ ಕೊಟ್ಟಿದ್ದಾರೆ. ಅದರಲ್ಲಿ ಎರಡು ನಮಗೆ ಪ್ರಾಣ: ಇದು ಈ ಕಲಿಯುವವರಿಗೆ ಹೊಂದುತ್ತದೆಯೇ, ಮತ್ತು ಮಗುವಿನ ಗಮನ ಅರ್ಥದ ಮೇಲೆ ನಿಲ್ಲುತ್ತದೆಯೇ. ಎರಡನೆಯದು ಯಾಕೆ ಮುಖ್ಯ ಎಂಬುದಕ್ಕೆ 'ಅಸರ್' ಸಮೀಕ್ಷೆಯ 2023ರ ವರದಿ ಸಾಕು. ಸಮೀಕ್ಷೆ ನಡೆದ ಗ್ರಾಮೀಣ ಜಿಲ್ಲೆಗಳ 14ರಿಂದ 18 ವಯಸ್ಸಿನವರಲ್ಲಿ ಇಂಗ್ಲಿಷ್ ವಾಕ್ಯ ಓದಬಲ್ಲವರು ಶೇ 57.3, ಓದಿದವರಲ್ಲೂ ಸುಮಾರು ಕಾಲು ಭಾಗಕ್ಕೆ ಅದರ ಅರ್ಥ ಹೇಳಲಾಗಲಿಲ್ಲ. ಸರಿ ಗುಂಡಿ ಒತ್ತಿದರೆ ನಕ್ಷತ್ರ ಉದುರಿಸುವ ಪಾಠ ಈ ಕಾಲು ಭಾಗವನ್ನು ಬೆಳೆಸುತ್ತದೆಯೋ ಕರಗಿಸುತ್ತದೆಯೋ ನೋಡಬೇಡವೇ?

ದಕ್ಷಿಣದ ರಾಜ್ಯಗಳಿಗೆಂದೇ 1963ರಲ್ಲಿ ಹುಟ್ಟಿದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಬೆಂಗಳೂರಿನಲ್ಲೇ ಇದೆ. ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಇದೆ, ಜಿಲ್ಲಾ ಮಟ್ಟದಲ್ಲಿ ಶಿಕ್ಷಕರ ತರಬೇತಿ ಸಂಸ್ಥೆಗಳಾದ ಡಯಟ್‌ಗಳಿವೆ. ಖರೀದಿಗೆ ಮುನ್ನ ಒಂದು ಅವಧಿ, ಕೆಲವು ಶಾಲೆಗಳಲ್ಲಿ ಬಳಸಿ, ಅಂಥವೇ ಕೆಲವು ಶಾಲೆಗಳಲ್ಲಿ ಬಳಸದೆ, ಎರಡೂ ಕಡೆಯ ಮಕ್ಕಳನ್ನು ಮಾತಾಡಿಸಿ ನೋಡಲಿ. ಪ್ರಶ್ನೆ ಕಂಪನಿಯದಾಗಿರಬಾರದು. ಶಾಲೆಗಳಲ್ಲಿ ಮಲೆನಾಡಿನ ಒಂದು, ಉರ್ದು ಮನೆಮಾತಿನದೊಂದು, ತಾಂಡಾದ್ದೊಂದು ಇರಲೇಬೇಕು. ಹಿಂದುಳಿದ ಮಕ್ಕಳ ಫಲಿತಾಂಶ ಬೇರೆಯಾಗಿ ಪ್ರಕಟವಾಗಬೇಕು. ಮೂರು ತಿಂಗಳ ನಂತರ ಇನ್ನೊಮ್ಮೆ ಕೇಳಬೇಕು. ಬೇಡ ಎನ್ನುವ ಹಕ್ಕು ಶಿಕ್ಷಕರಿಗಿರಬೇಕು. 1999ರ ಪಾರದರ್ಶಕತೆ ಕಾಯ್ದೆಯ ಪ್ರಕಾರ ಟೆಂಡರ್ ಕರೆಯುವಾಗ ಯಂತ್ರದ ಮೆಮೊರಿ ಎಷ್ಟೆಂದು ಷರತ್ತು ಹಾಕಲು ಬರುವವರಿಗೆ ಇದನ್ನೂ ಷರತ್ತಾಗಿ ಬರೆಯಲು ಬರುತ್ತದೆ.

ನಮ್ಮ ಸಮಿತಿ ಕೊಟೇಷನ್ ಕೊಟ್ಟ ಎಲ್ಲರಿಗೂ ಒಂದು ಪುಟದ ಪತ್ರ ಬರೆದಿದೆ. ಕನ್ನಡ ಮನೆಮಾತಿನ ಎಷ್ಟು ಮಕ್ಕಳ ಮೇಲೆ ಇದನ್ನು ಪರೀಕ್ಷಿಸಿದ್ದೀರಿ, ಪರೀಕ್ಷಿಸಿದವರು ಯಾರು, ಅತ್ಯಂತ ಹಿಂದಿದ್ದ ಮಕ್ಕಳು ಎಷ್ಟು ಮುಂದೆ ಬಂದರು, 'ಯೆಗ್ಗು' ಎಂದ ಮಗುವಿಗೆ ನಿಮ್ಮ ಸಾಫ್ಟ್‌ವೇರ್ ಏನು ಹೇಳುತ್ತದೆ. ಪತ್ರ ಹೋಗಿ ಐದು ವಾರವಾಯಿತು, ಒಂದು ಉತ್ತರವೂ ಬಂದಿಲ್ಲ. ದಾನಿಗಳು ಕೊಟ್ಟ ಹಣ ಶಾಲೆಯ ಖಾತೆಯಲ್ಲೇ ಇದೆ.