ಫ್ಲೆಮಿಂಗೊ ಮರಿಗೆ ರಕ್ತ ಕುಡಿಸುತ್ತದೆಯೇ? ಶಿರಾದ ಕಗ್ಗಲಡುವಿನಲ್ಲಿ ಬೆಳೆಯುವ ಮರಿಗಳು ಯಾವ ಹಕ್ಕಿಯವು?

ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ವಿಡಿಯೊ ಆಗಾಗ ಮತ್ತೆ ಮತ್ತೆ ಬರುತ್ತಿರುತ್ತದೆ. ಒಂದು ಫ್ಲೆಮಿಂಗೊ ಇನ್ನೊಂದರ ತಲೆಯ ಮೇಲೆ ಕೊಕ್ಕು ಇಟ್ಟಿದೆ. ಆ ತಲೆಯಿಂದ ಕೆಂಪು ದ್ರವ ಇಳಿದು ಕೆಳಗಿರುವ ಮರಿಯ ಬಾಯಿಗೆ ಬೀಳುತ್ತಿದೆ. 2020ರಲ್ಲಿ ಇದು ತುಂಬಾ ವೈರಲ್ ಆಗಿತ್ತು. ಹಕ್ಕಿಗಳು ಜಗಳವಾಡುತ್ತಿವೆ ಎಂದು ಕೆಲವರು, ತಾಯಿ ತನ್ನ ರಕ್ತವನ್ನೇ ಮರಿಗೆ ಕುಡಿಸುತ್ತಿದೆ ಎಂದು ಕೆಲವರು ನಂಬಿದರು. ಎರಡೂ ನಿಜವಲ್ಲ.

ಆ ಕೆಂಪು ದ್ರವ ಏನು?

ಅದು ಹಕ್ಕಿಯ ಅನ್ನನಾಳದ ಭಾಗದಲ್ಲಿ ತಯಾರಾಗುವ ಆಹಾರ. ಇದಕ್ಕೆ ‘ಕ್ರಾಪ್ ಮಿಲ್ಕ್’ ಎನ್ನುತ್ತಾರೆ. ಇದರಲ್ಲಿ ಕೊಬ್ಬು, ಪ್ರೋಟೀನ್ ಹೆಚ್ಚಾಗಿರುತ್ತದೆ. ತಂದೆ, ತಾಯಿ ಎರಡೂ ಇದನ್ನು ಕೊಡುತ್ತವೆ. ಪಾರಿವಾಳಗಳೂ ಮರಿಗೆ ಇಂಥದ್ದೇ ಹಾಲು ಕೊಡುತ್ತವೆ. ಫ್ಲೆಮಿಂಗೊ ತಿನ್ನುವ ಪಾಚಿ ಮತ್ತು ಸಣ್ಣ ಸಿಗಡಿಗಳಲ್ಲಿ ಕ್ಯಾರೋಟಿನಾಯ್ಡ್ ಎಂಬ ಬಣ್ಣದ ಅಂಶವಿದೆ. ರೆಕ್ಕೆ ಗುಲಾಬಿಯಾಗುವುದೂ, ಈ ಹಾಲು ಕೆಂಪಾಗುವುದೂ ಅದರಿಂದಲೇ. ಮರಿ ಹುಟ್ಟುವಾಗ ಬೂದು ಬಿಳಿ ಬಣ್ಣದಲ್ಲಿರುತ್ತದೆ, ಕೊಕ್ಕೂ ನೇರವಾಗಿರುತ್ತದೆ. ಗುಲಾಬಿ ಬಣ್ಣ ಬರಲು ಎರಡು ಮೂರು ವರ್ಷ ಬೇಕು.

ನಮ್ಮ ಕಡೆ ಫ್ಲೆಮಿಂಗೊ ಮರಿ ಸಿಗುತ್ತದೆಯೇ?

ಇಲ್ಲ. ಆಲಮಟ್ಟಿ ಹಿನ್ನೀರಿನಂಥ ಕಡೆ ಫ್ಲೆಮಿಂಗೊಗಳು ಬಂದು ಹೋಗುತ್ತವೆ. ಆದರೆ ಭಾರತದಲ್ಲಿ ಅವು ಮರಿ ಮಾಡುವ ಹೆಸರಾಂತ ತಾಣ ಗುಜರಾತಿನ ಕಛ್ ರಣ್. ಅಲ್ಲಿ ನೆಲದ ಮೇಲೆ ಕೆಸರಿನ ಗುಡ್ಡೆ ಕಟ್ಟಿ ಒಂದೇ ಮೊಟ್ಟೆ ಇಡುತ್ತವೆ.

ಹಾಗಾದರೆ ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಹುಣಸೆ ಮರಗಳ ಮೇಲೆ ಬೆಳೆಯುವ ಮರಿಗಳು ಯಾವುವು? ಅವು ಬಣ್ಣದ ಕೊಕ್ಕರೆಗಳ ಮರಿಗಳು. ಜೊತೆಗೆ ಬೂದು ಬಕಗಳೂ ಅಲ್ಲಿ ಗೂಡು ಕಟ್ಟುತ್ತವೆ. ಬಣ್ಣದ ಕೊಕ್ಕರೆಯ ಹಿಂಭಾಗದಲ್ಲಿ ಗುಲಾಬಿ ಗರಿಗಳಿರುವುದರಿಂದ ದೂರದಿಂದ ನೋಡಿದವರು ಫ್ಲೆಮಿಂಗೊ ಎಂದುಕೊಳ್ಳುವುದು ಸಹಜ. ಗುರುತಿಸುವುದು ಸುಲಭ: ಕೊಕ್ಕರೆಯ ಕೊಕ್ಕು ಹಳದಿ ಮತ್ತು ಉದ್ದ, ಎದೆಯ ಮೇಲೆ ಕಪ್ಪು ಪಟ್ಟಿ ಇರುತ್ತದೆ. ಫ್ಲೆಮಿಂಗೊ ಕೊಕ್ಕು ನಡುವೆಯೇ ಕೆಳಕ್ಕೆ ಬಾಗಿರುತ್ತದೆ. ಮುಖ್ಯವಾಗಿ, ಗೂಡು ಮರದ ಮೇಲಿದ್ದರೆ ಅದು ಫ್ಲೆಮಿಂಗೊ ಅಲ್ಲವೇ ಅಲ್ಲ.

ಕಗ್ಗಲಡುವಿನಲ್ಲಿ 1990ರ ದಶಕದಿಂದ ಈ ಹಕ್ಕಿಗಳು ಗೂಡು ಕಟ್ಟುತ್ತಿವೆ. ಮರಗಳಿರುವುದು ಕಾಡಿನಲ್ಲಲ್ಲ, ಊರಿನ ಮನೆಗಳ ನಡುವೆ. ಹಿಕ್ಕೆಯ ವಾಸನೆ, ಗದ್ದಲ ಎಲ್ಲವನ್ನೂ ಸಹಿಸಿಕೊಂಡು ಊರವರೇ ಇವುಗಳನ್ನು ಕಾಯುತ್ತಾ ಬಂದಿದ್ದಾರೆ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲೂ ಹೀಗೆಯೇ.

ಮರಿ ಹೇಗೆ ಬೆಳೆಯುತ್ತದೆ?

ಕೊಕ್ಕರೆ ಎರಡರಿಂದ ಐದು ಮೊಟ್ಟೆ ಇಡುತ್ತದೆ. ಸುಮಾರು ಒಂದು ತಿಂಗಳಿಗೆ ಮರಿ ಹೊರಬರುತ್ತದೆ, ಸುಮಾರು ಎರಡು ತಿಂಗಳಿಗೆ ಹಾರಲು ಕಲಿಯುತ್ತದೆ. ಅಲ್ಲಿಯವರೆಗೆ ದೊಡ್ಡವು ಕೆರೆಯಿಂದ ಮೀನು ನುಂಗಿ ತಂದು ಗೂಡಿನಲ್ಲಿ ಕಕ್ಕುತ್ತವೆ. ಬಿಸಿಲು ಏರಿದಾಗ ರೆಕ್ಕೆ ಅಗಲಿಸಿ ನಿಂತು ಮರಿಗಳಿಗೆ ನೆರಳು ಕೊಡುತ್ತವೆ. ಅಂದರೆ ಗೂಡು ಊರಿನಲ್ಲಿದ್ದರೂ ಮರಿಯ ಊಟ ಇರುವುದು ಕೆರೆಯಲ್ಲಿ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದಂಥ ಮಳೆ ಕಡಿಮೆ ಬೀಳುವ ಸೀಮೆಯಲ್ಲಿ ಕೆರೆ ಬತ್ತಿದರೆ ಕಷ್ಟ ರೈತರಿಗೆ ಮಾತ್ರವಲ್ಲ, ಈ ಮರಿಗಳಿಗೂ ಹೌದು.

ಹತ್ತಿರ ಹೋಗಿ ವಿಡಿಯೊ ಮಾಡಿದರೆ ಏನಾಗುತ್ತದೆ?

ಹೆದರಿದ ಮರಿ ತಿಂದದ್ದನ್ನೆಲ್ಲ ಕಕ್ಕಿ, ಸತ್ತಂತೆ ಗೂಡಿನಲ್ಲಿ ಮುದುಡಿ ಮಲಗುತ್ತದೆ. ನೋಡುವವರಿಗೆ ಇದು ತಮಾಷೆ ಅನ್ನಿಸಬಹುದು, ಆದರೆ ಮರಿಗೆ ಆ ಹೊತ್ತಿನ ಊಟವೇ ಹೋಯಿತು. ಡ್ರೋನ್ ಸದ್ದಿಗೋ ಪಟಾಕಿಗೋ ದೊಡ್ಡವು ಎದ್ದು ಹಾರಿದರೆ ಮರಿಗೆ ನೆರಳಿಲ್ಲ, ಕಾಗೆ ಹದ್ದುಗಳಿಂದ ರಕ್ಷಣೆಯೂ ಇಲ್ಲ. ಜೊತೆಗೆ ಕಾನೂನೂ ಇದೆ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಹಕ್ಕಿಯ ಗೂಡು, ಮೊಟ್ಟೆಗಳಿಗೆ ತೊಂದರೆ ಕೊಡುವುದೂ ‘ಬೇಟೆ’ಯ ವ್ಯಾಖ್ಯೆಯಲ್ಲಿ ಸೇರುತ್ತದೆ.

ಹಾಗಾಗಿ ನೋಡಲು ಹೋದರೆ ದೂರ ನಿಂತು, ಸದ್ದು ಮಾಡದೆ ನೋಡಿ. ಬೈನಾಕ್ಯುಲರ್ ಇದ್ದರೆ ಇನ್ನೂ ಒಳ್ಳೆಯದು. ಮರಿ ಕೆಳಗೆ ಬಿದ್ದಿದ್ದರೆ ಮನೆಗೆ ತರಬೇಡಿ, ಊರವರಿಗೋ ಅರಣ್ಯ ಇಲಾಖೆಗೋ ತಿಳಿಸಿ.

ಇನ್ನು ಆ ಕೆಂಪು ದ್ರವದ ವಿಡಿಯೊ ಮತ್ತೆ ಬಂದರೆ, ‘ಅದು ರಕ್ತವಲ್ಲ, ಹಾಲು’ ಎಂದು ಒಂದು ಸಾಲು ಬರೆದು ಕಳಿಸಿ. ರಕ್ತದ ಕಥೆಗಿಂತ ಈ ನಿಜವೇ ಹೆಚ್ಚು ಸೋಜಿಗದ್ದು.